ಹಾಯಿಯ ನೆರಳು, ಬೆನ್ನ ಹಿಂದಿನ ಗಾಳಿ

ಗಾಳಿಯ ಬಲದಿಂದಲೇ ಸಾಗರ ದಾಟುವ ಸಣ್ಣ ಹಾಯಿದೋಣಿಗೆ ಮುಂದೆ ಸಾಗಲು ಇಂಧನ ಬೇಕಿಲ್ಲವಾದರೂ, ಅದರಲ್ಲಿ ವಾರಗಟ್ಟಲೆ ಬದುಕುವವರಿಗೆ ವಿದ್ಯುತ್ತು ಬೇಕೇ ಬೇಕು. ದಾರಿ ತೋರುವ ಎಲೆಕ್ಟ್ರಾನಿಕ್ ನಕ್ಷೆ, ರೇಡಿಯೋ, ರಾತ್ರಿ ಇತರ ಹಡಗುಗಳಿಗೆ ಕಾಣಿಸಬೇಕಾದ ದೀಪಗಳು, ಫ್ರಿಜ್, ಚುಕ್ಕಾಣಿಯನ್ನು ತಾನೇ ತಿರುಗಿಸುವ ಆಟೊಪೈಲಟ್ ಇವೆಲ್ಲವೂ ಸಾಮಾನ್ಯವಾಗಿ 12 ವೋಲ್ಟಿನ ಬ್ಯಾಟರಿಗಳಿಂದ ನಡೆಯುತ್ತವೆ. ಡೀಸೆಲ್ ಎಂಜಿನ್ ಓಡಿಸಿ ಆ ಬ್ಯಾಟರಿಗಳನ್ನು ತುಂಬಬಹುದು. ಆದರೆ ಸಣ್ಣ ದೋಣಿಯ ಟ್ಯಾಂಕಿನಲ್ಲಿ ಹಿಡಿಯುವ ಡೀಸೆಲ್ ಅಲ್ಪವಾದುದರಿಂದಲೂ, ದಿನವೂ ಗಂಟೆಗಟ್ಟಲೆ ಎಂಜಿನ್ನಿನ ಸದ್ದು ಸಹಿಸುವವರು ವಿರಳವಾದುದರಿಂದಲೂ ಸೌರಫಲಕ ಮತ್ತು ಗಾಳಿಯಂತ್ರಗಳು ದೋಣಿಯ ಮೇಲೇರಿವೆ. ಇವುಗಳನ್ನು ಕೊಳ್ಳುವುದು ಸುಲಭ. ಹತ್ತು ಹನ್ನೊಂದು ಮೀಟರ್ ಉದ್ದದ, ಸದಾ ಓಲಾಡುವ, ಹಾಯಿ ಹಗ್ಗಗಳಿಂದ ಕಿಕ್ಕಿರಿದ ದೋಣಿಯಲ್ಲಿ ಇವುಗಳಿಗೆ ಸರಿಯಾದ ಜಾಗ ಹುಡುಕುವುದೇ ನಿಜವಾದ ಕೆಲಸ.

ಈ ಕೆಲಸದ ತೊಡಕು ತಿಳಿಯಲು ಅಟ್ಲಾಂಟಿಕ್ ಸಾಗರದ ಒಂದು ಹಳೆಯ ಹಾದಿ ಒಳ್ಳೆಯ ಉದಾಹರಣೆ. ಆಫ್ರಿಕಾದ ಪಶ್ಚಿಮಕ್ಕಿರುವ ಕೆನರಿ ದ್ವೀಪಗಳಿಂದ ಕೆರಿಬಿಯನ್ ದ್ವೀಪಗಳವರೆಗಿನ ಈ ಹಾದಿಯ ಉದ್ದ ಸುಮಾರು 2,700 ನಾಟಿಕಲ್ ಮೈಲು, ಅಂದರೆ 5,000 ಕಿಲೋಮೀಟರ್. 1492ರಲ್ಲಿ ಕೊಲಂಬಸ್ ಕೆನರಿ ದ್ವೀಪಗಳಿಂದಲೇ ಪಶ್ಚಿಮಕ್ಕೆ ಹೊರಟನು; 1986ರಿಂದ ಪ್ರತಿವರ್ಷ ನವೆಂಬರಿನಲ್ಲಿ ಹಾಯಿದೋಣಿಗಳ ದೊಡ್ಡ ಗುಂಪೊಂದು ಒಟ್ಟಾಗಿ ಈ ದಾರಿ ಹಿಡಿಯುತ್ತದೆ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ದೋಣಿಯನ್ನು ಹಿಂದಿನಿಂದ ತಳ್ಳುತ್ತಾ ಸುಮಾರು ಮೂರು ವಾರಗಳಲ್ಲಿ ಆಚೆ ದಡ ಸೇರಿಸುತ್ತವೆ.

ಇಂಥ ಪಯಣದಲ್ಲಿ 35 ಅಡಿಯ ದೋಣಿಯೊಂದರ ದಿನದ ಖರ್ಚನ್ನು ಸ್ಥೂಲವಾಗಿ ಲೆಕ್ಕ ಹಾಕಬಹುದು. ದೋಣಿಯವರು ಇದನ್ನು ಆಂಪಿಯರ್-ಗಂಟೆಗಳಲ್ಲಿ ಅಳೆಯುತ್ತಾರೆ. ಒಂದು ಆಂಪಿಯರ್ ವಿದ್ಯುತ್ತು ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಗಂಟೆ. ಆಟೊಪೈಲಟ್‌ಗೆ 60, ಫ್ರಿಜ್‌ಗೆ 45, ನಕ್ಷೆ ಮತ್ತು ರೇಡಿಯೋಗಳಿಗೆ 30, ದೀಪ ಹಾಗೂ ಮೊಬೈಲುಗಳಿಗೆ 15 ಎಂದಿಟ್ಟುಕೊಂಡರೆ ಒಟ್ಟು 150 ಆಗುತ್ತದೆ. ರಾತ್ರಿಯಿಡೀ ಸಾಗಬೇಕಾದುದರಿಂದ ಈ ಖರ್ಚಿನ ದೊಡ್ಡ ಪಾಲು ಸೂರ್ಯನಿಲ್ಲದ ಹೊತ್ತಿನಲ್ಲಿಯೇ ಬೀಳುತ್ತದೆ.

ಸೌರಫಲಕದ ಮೇಲೆ 100 ವಾಟ್ ಎಂದು ಬರೆದಿದ್ದರೆ ಅದು ಪ್ರಯೋಗಾಲಯದ ಮಾತು: ಚದರ ಮೀಟರಿಗೆ 1,000 ವಾಟ್ ಬೆಳಕು ಫಲಕದ ಮೇಲೆ ನೇರವಾಗಿ ಬೀಳುತ್ತಿರಬೇಕು, ಫಲಕದೊಳಗಿನ ಕೋಶಗಳು 25 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗಿರಬೇಕು. ಉಷ್ಣವಲಯದ ಬಿಸಿಲಿನಲ್ಲಿ ಕೋಶಗಳು ಕಾಯುತ್ತವೆ, ಮತ್ತು ಏರುವ ಒಂದೊಂದು ಡಿಗ್ರಿಗೂ ಉತ್ಪಾದನೆ ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ. ಆದ್ದರಿಂದಲೇ ಡೆಕ್ಕಿಗೆ ಅಂಟಿಸಿದ ಬಳುಕುವ ಫಲಕಗಳು, ನೋಡಲು ಅಚ್ಚುಕಟ್ಟಾಗಿದ್ದರೂ, ಕೆಳಗೆ ಗಾಳಿಯಾಡುವಂತೆ ಎತ್ತರಿಸಿ ಕೂರಿಸಿದ ಗಟ್ಟಿ ಚೌಕಟ್ಟಿನ ಫಲಕಗಳಿಗೆ ಸಾಟಿಯಾಗುವುದಿಲ್ಲ.

ಬಿಸಿಗಿಂತ ದೊಡ್ಡ ಶತ್ರು ನೆರಳು. 12 ವೋಲ್ಟಿನ ಬ್ಯಾಟರಿಗೆಂದು ಮಾಡಿದ ಸಾಮಾನ್ಯ ಫಲಕದಲ್ಲಿ 36 ಕೋಶಗಳು ಸರಣಿಯಲ್ಲಿ, ಅಂದರೆ ಒಂದರ ಬಾಲಕ್ಕೆ ಇನ್ನೊಂದು ಎಂಬಂತೆ, ಜೋಡಣೆಯಾಗಿರುತ್ತವೆ. ಒಂದೇ ಕೊಳವೆಯಲ್ಲಿ ನೀರು ಹರಿಯುವಾಗ ಎಲ್ಲೋ ಒಂದೆಡೆ ಕೊಳವೆಯನ್ನು ಹಿಸುಕಿದರೆ ಇಡೀ ಹರಿವು ಹೇಗೆ ಕುಗ್ಗುತ್ತದೆಯೋ, ಹಾಗೆಯೇ ಒಂದು ಕೋಶದ ಮೇಲೆ ನೆರಳು ಬಿದ್ದರೆ ಇಡೀ ಸರಣಿಯ ವಿದ್ಯುತ್ತು ಕುಸಿಯುತ್ತದೆ. ನೆರಳಾದ ಕೋಶಗಳನ್ನು ಬದಿಗೊತ್ತಿ ವಿದ್ಯುತ್ತು ಸುತ್ತುಹಾದಿ ಹಿಡಿಯಲೆಂದು ಫಲಕದ ಹಿಂಬದಿಯಲ್ಲಿ ಡಯೋಡುಗಳನ್ನು ಇಟ್ಟಿರುತ್ತಾರೆ; ಆದರೆ ಒಂದೊಂದು ಡಯೋಡು ಹಲವು ಕೋಶಗಳ ಗುಂಪನ್ನೇ ಬಿಟ್ಟುಕೊಡುವುದರಿಂದ ಕೈಯಗಲದ ನೆರಳಿಗೂ ಅರ್ಧ ಫಲಕದ ಬೆಲೆ ತೆರಬೇಕಾಗುತ್ತದೆ. ಹಾಯಿದೋಣಿಯಲ್ಲಾದರೋ ನೆರಳಿಗೆ ಬರವಿಲ್ಲ: ಹಾಯಿಕಂಬ, ಅದನ್ನು ನಾಲ್ಕೂ ದಿಕ್ಕಿನಿಂದ ಬಿಗಿದ ತಂತಿಗಳು, ಹಾಯಿಯ ಕೆಳಗಂಚನ್ನು ಹಿಡಿದಿರುವ ಬೂಮ್ ಎಂಬ ಅಡ್ಡಮರ, ಕೊನೆಗೆ ಹಾಯಿಯೇ. ಹೀಗಾಗಿ ಒಂದು ದೊಡ್ಡ ಫಲಕಕ್ಕಿಂತ ಹಲವು ಚಿಕ್ಕ ಫಲಕಗಳನ್ನು ಬೇರೆ ಬೇರೆ ಕಡೆ ಇಟ್ಟು, ಪ್ರತಿಯೊಂದಕ್ಕೂ ಪ್ರತ್ಯೇಕವಾದ ಚಾರ್ಜ್ ನಿಯಂತ್ರಕವನ್ನು (ಫಲಕದಿಂದ ಗರಿಷ್ಠ ಶಕ್ತಿ ಹೀರಿ ಬ್ಯಾಟರಿಗೆ ಹೊಂದುವ ವೋಲ್ಟೇಜಿಗೆ ಇಳಿಸುವ ಪೆಟ್ಟಿಗೆ) ಕೊಡುವುದು ಜಾಣತನ.

ಮನೆಯ ಚಾವಣಿ ತಿರುಗುವುದಿಲ್ಲ. ಅಲ್ಲಿ ಫಲಕವನ್ನು ಒಮ್ಮೆ ದಕ್ಷಿಣಕ್ಕೆ ಓರೆಯಾಗಿ ನಿಲ್ಲಿಸಿದರೆ ಮುಗಿಯಿತು. ದೋಣಿ ದಿಕ್ಕು ಬದಲಿಸುತ್ತಲೇ ಇರುತ್ತದೆ, ಆದ್ದರಿಂದ ಸಾಮಾನ್ಯವಾಗಿ ಫಲಕಗಳನ್ನು ಆಕಾಶಕ್ಕೆ ಮುಖಮಾಡಿ ಸಮತಟ್ಟಾಗಿ ಇಡುತ್ತಾರೆ. ಆದರೆ ಅಟ್ಲಾಂಟಿಕ್ ಹಾದಿಯಲ್ಲಿ ದೋಣಿ ಮೂರು ವಾರವೂ ಹೆಚ್ಚುಕಡಿಮೆ ಪಶ್ಚಿಮಕ್ಕೇ ಮುಖಮಾಡಿರುತ್ತದೆ, ಮತ್ತು ನವೆಂಬರ್ ಕೊನೆಯಲ್ಲಿ ಕೆನರಿ ದ್ವೀಪಗಳ ಬಳಿ ನಡುಹಗಲಿನ ಸೂರ್ಯ ದಕ್ಷಿಣದಲ್ಲಿ ಸುಮಾರು 41 ಡಿಗ್ರಿಯಷ್ಟೇ ಮೇಲಿರುತ್ತಾನೆ. ಆಗ ಸಮತಟ್ಟಾದ ಫಲಕಕ್ಕೆ ನಡುಹಗಲಲ್ಲೂ ನೇರ ಬಿಸಿಲಿನ ಮೂರನೇ ಎರಡು ಪಾಲು ಮಾತ್ರ ದಕ್ಕಿದರೆ, ಎಡಬದಿಯ ಕಟಕಟೆಗೆ ಬಿಗಿದು ದಕ್ಷಿಣಕ್ಕೆ ಓರೆಮಾಡಿದ ಫಲಕ ಪೂರ್ಣ ಬಿಸಿಲನ್ನು ಪಡೆಯುತ್ತದೆ. ಹಿಂಬದಿಯಲ್ಲಿ ಉಕ್ಕಿನ ಕೊಳವೆಗಳಿಂದ ಕಟ್ಟಿದ ಕಮಾನಿನ ಮೇಲಿನ ಫಲಕಗಳಿಗೆ, ಹಾಯಿಗಳೆಲ್ಲ ಅವುಗಳ ಮುಂದಿರುವುದರಿಂದ, ಪೂರ್ವದಿಂದ ಬರುವ ಬೆಳಗಿನ ಬಿಸಿಲು ತಡೆಯಿಲ್ಲದೆ ಸಿಗುತ್ತದೆ. ಸೂರ್ಯ ಪಶ್ಚಿಮಕ್ಕೆ ಇಳಿದಂತೆ ಅವೇ ಹಾಯಿಗಳ ನೆರಳು ಹಿಂದಕ್ಕೆ ಚಾಚಿ ಕಮಾನನ್ನು ಮುಚ್ಚುತ್ತದೆ. ಕಮಾನು ಉತ್ತಮ ಜಾಗವೆಂಬ ಸಾಮಾನ್ಯ ಅಭಿಪ್ರಾಯ ಸರಿಯೇ. ಮಧ್ಯಾಹ್ನದ ನಂತರದ ಈ ನಷ್ಟವನ್ನು ಮಾತ್ರ ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಮಾನನ್ನು ಕಟ್ಟುವಾಗ ಬಿರುಗಾಳಿಯನ್ನೂ ನೆನೆಯಬೇಕು: 50 ನಾಟ್ ವೇಗದ, ಅಂದರೆ ಗಂಟೆಗೆ 93 ಕಿಲೋಮೀಟರಿನ ಗಾಳಿ ಎದುರಾಗಿ ಬಡಿದರೆ ಒಂದು ಚದರ ಮೀಟರಿನ ಮೇಲೆ 40ರಿಂದ 50 ಕೆ.ಜಿ. ಭಾರದಷ್ಟು ಒತ್ತಡ ಬೀಳುತ್ತದೆ.

ಎಲ್ಲ ನಷ್ಟಗಳನ್ನೂ ಕಳೆದರೆ 400 ವಾಟಿನ ಫಲಕಗಳಿಂದ ದಿನಕ್ಕೆ 80ರಿಂದ 90 ಆಂಪಿಯರ್-ಗಂಟೆ ನಿರೀಕ್ಷಿಸಬಹುದು. ಉಳಿದ ಕೊರತೆಯನ್ನು ಹಗಲಿರುಳೂ ಬೀಸುವ ಗಾಳಿ ತುಂಬೀತೆಂಬುದು ಸಹಜವಾದ ಎಣಿಕೆ. ಇಲ್ಲಿ ಭೌತಶಾಸ್ತ್ರದ ಒಂದು ನಿಯಮ ಅಡ್ಡಬರುತ್ತದೆ. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾದುದು: ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟಾಗುತ್ತದೆ, ವೇಗ ಅರ್ಧವಾದರೆ ಶಕ್ತಿ ಎಂಟನೇ ಒಂದಕ್ಕೆ ಇಳಿಯುತ್ತದೆ. ಆ ಶಕ್ತಿಯಲ್ಲಿಯೂ ಯಾವ ರೆಕ್ಕೆಯೂ ಶೇ. 59.3ಕ್ಕಿಂತ ಹೆಚ್ಚು ಸೆಳೆಯಲಾರದೆಂಬುದನ್ನು ಜರ್ಮನಿಯ ವಿಜ್ಞಾನಿ ಆಲ್ಬರ್ಟ್ ಬೆಟ್ಜ್ ಒಂದು ಶತಮಾನದ ಹಿಂದೆಯೇ ತೋರಿಸಿದ್ದಾನೆ. ದೋಣಿಯ ಪುಟ್ಟ ಯಂತ್ರಗಳಿಗೆ ಅದರ ಅರ್ಧದಷ್ಟು ದಕ್ಕಿದರೆ ಹೆಚ್ಚು.

ಯಂತ್ರಕ್ಕೆ ತಾಗುವುದಾದರೂ ಸಮುದ್ರದ ಮೇಲೆ ಬೀಸುವ ಗಾಳಿಯಲ್ಲ, ಚಲಿಸುತ್ತಿರುವ ದೋಣಿಗೆ ಅನುಭವಕ್ಕೆ ಬರುವ ಸಾಪೇಕ್ಷ ಗಾಳಿ. ಬೆನ್ನ ಹಿಂದಿನಿಂದ 18 ನಾಟ್ ಗಾಳಿ ಬೀಸುತ್ತಿದ್ದು ದೋಣಿ 6 ನಾಟ್ ವೇಗದಲ್ಲಿ ಅದರ ಮುಂದೆ ಓಡುತ್ತಿದ್ದರೆ ಯಂತ್ರಕ್ಕೆ ಸಿಗುವುದು 12 ನಾಟ್ ಮಾತ್ರ. ಘನದ ಲೆಕ್ಕದಲ್ಲಿ ಶಕ್ತಿ ಮೂರನೇ ಒಂದು ಪಾಲಿಗೂ ಕೆಳಗಿಳಿಯುತ್ತದೆ. ಅದೇ ಗಾಳಿಯಲ್ಲಿ ಲಂಗರು ಹಾಕಿ ನಿಂತಾಗ 130 ವಾಟ್ ಕೊಡಬಲ್ಲ, 1.15 ಮೀಟರ್ ವ್ಯಾಸದ ಯಂತ್ರ ಆಗ ಕೊಡುವುದು ಸುಮಾರು 40 ವಾಟ್. ಸಮುದ್ರದ ಮೇಲಿನ ಗಾಳಿಯೇ 12 ನಾಟಿಗೆ ಇಳಿದ ದಿನ ಅದು ಹತ್ತು ವಾಟನ್ನೂ ಮುಟ್ಟುವುದಿಲ್ಲ. ಯಾವ ಮಾರುತಗಳ ನಿರಂತರತೆಯನ್ನು ನಂಬಿ ಈ ಹಾದಿಯನ್ನು ಆರಿಸಿಕೊಳ್ಳುತ್ತಾರೋ, ಅವೇ ಮಾರುತಗಳು ಗಾಳಿಯಂತ್ರವನ್ನು ಅರೆಹೊಟ್ಟೆಯಲ್ಲಿಡುತ್ತವೆ. ಅದೇ ಯಂತ್ರ, ಕೆರಿಬಿಯನ್ ತಲುಪಿ ಗಾಳಿಗೆ ತೆರೆದ ಕೊಲ್ಲಿಯಲ್ಲಿ ಲಂಗರು ಹಾಕಿದ ಮೇಲೆ, ರಾತ್ರಿಯಿಡೀ ಧಾರಾಳವಾಗಿ ದುಡಿಯುತ್ತದೆ.

ಗಾಳಿಯಂತ್ರವನ್ನು ಹಿಂಬದಿಯಲ್ಲಿ ಉಕ್ಕಿನ ಕೊಳವೆಯ ಕಂಬದ ಮೇಲೆ, ನಿಂತವರು ಕೈಯೆತ್ತಿದರೂ ತಾಗದಷ್ಟು ಎತ್ತರದಲ್ಲಿ ಕೂರಿಸಿ, ಎರಡು ಓರೆ ಆಧಾರಗಳಿಂದ ಬಿಗಿಯುತ್ತಾರೆ. ಎರಡನೆಯ ಚಿಕ್ಕ ಹಾಯಿಕಂಬವಿರುವ ದೋಣಿಗಳಲ್ಲಿ ಆ ಕಂಬವೇ ಸಾಕು. ನಿಮಿಷಕ್ಕೆ 1,000 ಸುತ್ತು ತಿರುಗುವಾಗ ರೆಕ್ಕೆಯ ತುದಿ ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿರುತ್ತದೆಯಾದ್ದರಿಂದ ಇದು ತಮಾಷೆಯ ವಸ್ತುವಲ್ಲ. ಕಂಬದ ಬುಡಕ್ಕೆ ರಬ್ಬರ್ ಮೆತ್ತೆ ಕೊಡದಿದ್ದರೆ ಅದರ ಗುಂಯ್‌ಗುಡುವಿಕೆ ದೋಣಿಯ ಒಡಲಿಗಿಳಿದು, ಕೆಳಗೆ ಮಲಗಿದವರ ನಿದ್ದೆ ಕೆಡುತ್ತದೆ. ಪಕ್ಕದಲ್ಲಿ ಲಂಗರು ಹಾಕಿದವರ ಅಸಮಾಧಾನ ಬೇರೆ. ವಿದ್ಯುತ್ತಿನ ದೃಷ್ಟಿಯಿಂದಲೂ ಇದರ ಸ್ವಭಾವ ಬೇರೆ. ಬ್ಯಾಟರಿ ತುಂಬಿದಾಗ ಸೌರಫಲಕವನ್ನು ಸುಮ್ಮನೆ ಕಳಚಬಹುದು. ಗಾಳಿಯಂತ್ರವನ್ನು ಹಾಗೆ ಕಳಚಿದರೆ ಹೊರೆಯಿಲ್ಲದ ರೆಕ್ಕೆ ಹುಚ್ಚೆದ್ದು ತಿರುಗಿ ವೋಲ್ಟೇಜ್ ಏರುತ್ತದೆ. ಆದ್ದರಿಂದ ಹೆಚ್ಚಾದ ವಿದ್ಯುತ್ತನ್ನು ಶಾಖವಾಗಿ ಕಳೆಯುವ ತಂತಿಸುರುಳಿಯನ್ನೂ, ನಿಲ್ಲಿಸಲು ಒಂದು ಸ್ವಿಚ್ಚನ್ನೂ ಜೊತೆಗಿಡಬೇಕು. ಅಪಾಯ ಕಂಡರೆ ತಾನಾಗಿ ಸಂಪರ್ಕ ಕಡಿದುಕೊಳ್ಳುವ ಲಿಥಿಯಂ ಬ್ಯಾಟರಿಗಳಿದ್ದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಎರಡಕ್ಕೂ ಸಮಾನವಾದ ಸಣ್ಣ ಸಂಗತಿಗಳಿವೆ. ತವರದ ಲೇಪವಿರುವ ತಾಮ್ರದ ದಪ್ಪ ತಂತಿ, ಬ್ಯಾಟರಿಯ ಬಳಿಯೇ ಒಂದು ಫ್ಯೂಸ್, ಫಲಕದ ಅಲ್ಯೂಮಿನಿಯಂ ಚೌಕಟ್ಟು ಸ್ಟೇನ್‌ಲೆಸ್ ಸ್ಟೀಲಿಗೆ ನೇರವಾಗಿ ತಾಗದಂತೆ ನಡುವೆ ನೈಲಾನ್ ಬಿಲ್ಲೆ. ಉಪ್ಪುನೀರು ಸೋಕಿದೆಡೆ ಈ ಎರಡು ಲೋಹಗಳು ಕೂಡಿದರೆ ಅಲ್ಯೂಮಿನಿಯಂ ಸವೆದುಹೋಗುತ್ತದೆ.

ಇಷ್ಟಾದ ಮೇಲೂ 150ರ ಲೆಕ್ಕದಲ್ಲಿ ಎದ್ದು ಕಾಣುವುದು ಆಟೊಪೈಲಟ್‌ನ 60. ಆದರೆ ವಿದ್ಯುತ್ತಿಲ್ಲದೆಯೂ ದೋಣಿಯ ದಿಕ್ಕು ಕಾಯಬಹುದು. ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ 32 ಅಡಿಯ 'ಸುಹೈಲಿ'ಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಲ್ಲಿಯೂ ನಿಲ್ಲದೆ ಒಬ್ಬನೇ ಭೂಮಿ ಸುತ್ತಿ, 312 ದಿನಗಳ ನಂತರ 1969ರ ಏಪ್ರಿಲ್ 22ರಂದು ಇಂಗ್ಲೆಂಡಿನ ಫಾಲ್ಮತ್ ಸೇರಿದಾಗ ಆ ದೋಣಿಯ ಮೇಲೆ ಸೌರಫಲಕವಿರಲಿಲ್ಲ. ಒಂಟಿಯಾಗಿ ಅಟ್ಲಾಂಟಿಕ್ ದಾಟುವ 1960ರ ಪಂದ್ಯದ ಹೊತ್ತಿಗೇ ಗಾಳಿಯ ದಿಕ್ಕನ್ನು ಅನುಸರಿಸಿ ಚುಕ್ಕಾಣಿ ತಿರುಗಿಸುವ ಯಾಂತ್ರಿಕ ಪಟಗಳು ಬಳಕೆಗೆ ಬಂದಿದ್ದವು. ಒಂದು ಹನಿ ವಿದ್ಯುತ್ತನ್ನೂ ಬೇಡದ ಇಂಥ ಸಾಧನ ಇಂದಿಗೂ ಸಿಗುತ್ತದೆ. ಅದನ್ನು ಅಳವಡಿಸಿದರೆ ದಿನದ ಖರ್ಚು 90ಕ್ಕೆ ಇಳಿದು, 400 ವಾಟಿನ ಫಲಕಗಳೇ ಹೆಚ್ಚುಕಡಿಮೆ ಅದನ್ನು ತೂಗಿಸುತ್ತವೆ. ತೊಡಕೆಂದರೆ, ಆ ಪಟಕ್ಕೂ ಬೇಕಾದದ್ದು ದೋಣಿಯ ಹಿಂಬದಿಯೇ, ಅದೂ ತಡೆಯಿಲ್ಲದ ಗಾಳಿಯಲ್ಲಿ. ಫಲಕಗಳ ಕಮಾನನ್ನು ಮೊದಲೇ ಕಟ್ಟಿಸಿದವರು ಅದನ್ನು ಕತ್ತರಿಸಿ ಎತ್ತರಿಸಬೇಕು, ಇಲ್ಲವೇ ಫಲಕಗಳನ್ನು ಎರಡೂ ಬದಿಯ ಕಟಕಟೆಗಳಿಗೆ ಸಾಗಿಸಬೇಕು.