ಕಡತ ಏರದಿದ್ದಾಗ ಬ್ರೌಸರ್ ಮೇಲೇಕೆ ಕೋಪ?

ಬೆಂಗಳೂರು : ಅರ್ಜಿ ಸಲ್ಲಿಸಲು ಅಂದೇ ಕೊನೆಯ ದಿನ. ಹೆಸರು, ವಿಳಾಸ, ಅಂಕಗಳ ವಿವರ ಎಲ್ಲವನ್ನೂ ತುಂಬಿಯಾಗಿದೆ. ಭಾವಚಿತ್ರ ಹಾಗೂ ಅಂಕಪಟ್ಟಿಯ ಪ್ರತಿಯನ್ನು ಅಪ್‌ಲೋಡ್ ಮಾಡುವುದೊಂದೇ ಬಾಕಿ. ಗುಂಡಿ ಒತ್ತಿದರೆ ಪರದೆಯ ಮೇಲಿನ ಚಕ್ರ ಸುತ್ತುತ್ತಲೇ ಇರುತ್ತದೆ. ಕೊನೆಗೆ ‘ದೋಷ ಸಂಭವಿಸಿದೆ, ಮತ್ತೊಮ್ಮೆ ಪ್ರಯತ್ನಿಸಿ’ ಎಂಬ ಒಂದು ಸಾಲು ಮೂಡಿ ಮರೆಯಾಗುತ್ತದೆ. ಇಂಥ ಅನುಭವವಾಗದ ಅಂತರ್ಜಾಲ ಬಳಕೆದಾರರು ವಿರಳ.

ಇತ್ತ ದೂರು ಬಂದ ಕೂಡಲೇ ತಾಣವನ್ನು ರೂಪಿಸಿದ ಪ್ರೋಗ್ರಾಮರ್ ತನ್ನ ಬ್ರೌಸರ್‌ನ ಕನ್ಸೋಲ್ ತೆರೆಯುತ್ತಾನೆ. ಅಲ್ಲಿ ಕೆಂಪಕ್ಷರದಲ್ಲಿ ‘ಕಾರ್ಸ್ ನೀತಿಯ ಕಾರಣ ಈ ವಿನಂತಿಯನ್ನು ತಡೆಯಲಾಗಿದೆ’ ಎಂಬರ್ಥದ ಸಂದೇಶವಿರುತ್ತದೆ. ಸಂದೇಶವನ್ನು ಹೇಗಾದರೂ ಅಳಿಸಿಬಿಡುವ ಆತುರದಲ್ಲಿ ಆತ ಕೈಗೊಳ್ಳುವ ಕ್ರಮವೇ ಹಲವು ಬಾರಿ ಮೂಲ ದೋಷಕ್ಕಿಂತ ದೊಡ್ಡ ಅಪಾಯ ತಂದೊಡ್ಡುತ್ತದೆ. ಬ್ರೌಸರ್ ದೂರುವುದು ಒಂದನ್ನು, ರೋಗವಿರುವುದು ಇನ್ನೊಂದೆಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಕಡತದ ಪಯಣ ಹೇಗೆ? : ಜಾಲಪುಟದ ಅರ್ಜಿ ನಮೂನೆಯ ಮೂಲಕ ಕಡತ ಕಳುಹಿಸುವ ವಿಧಾನವನ್ನು ಮೊದಲು ವಿವರಿಸಿದ್ದು 1995ರ ನವೆಂಬರಿನಲ್ಲಿ ಪ್ರಕಟವಾದ ಆರ್‌ಎಫ್‌ಸಿ 1867 ಎಂಬ ದಾಖಲೆ. ಹೆಸರು, ವಿಳಾಸಗಳಂಥ ಪಠ್ಯವನ್ನೂ ಚಿತ್ರದಂಥ ಕಡತವನ್ನೂ ಒಂದೇ ಲಕೋಟೆಯಲ್ಲಿ ಹಾಕಿ, ನಡುನಡುವೆ ಗಡಿಗೆರೆ ಎಳೆದು ಕಳುಹಿಸುವ ಕ್ರಮವಿದು. ಇದರ ಹೆಸರು ಮಲ್ಟಿಪಾರ್ಟ್ ಫಾರ್ಮ್-ಡೇಟಾ. ಗಡಿಗೆರೆ ಯಾವುದೆಂದು ಲಕೋಟೆಯ ಮೇಲೆಯೇ ಬರೆದಿರುತ್ತದೆ. ಅದನ್ನು ನೋಡಿಕೊಂಡೇ ಸರ್ವರ್ ಒಂದೊಂದು ಭಾಗವನ್ನು ಬೇರ್ಪಡಿಸುತ್ತದೆ.

ಮೊದಲ ಎಡವಟ್ಟು ಇಲ್ಲಿಯೇ ಆಗುತ್ತದೆ. ನಮೂನೆಯಲ್ಲಿ ಎನ್‌ಕ್‌ಟೈಪ್ ಎಂಬ ಗುಣವನ್ನು ಮಲ್ಟಿಪಾರ್ಟ್ ಎಂದು ನಮೂದಿಸಲು ಮರೆತರೆ ಸರ್ವರ್‌ಗೆ ತಲುಪುವುದು ಕಡತದ ಹೆಸರು ಮಾತ್ರ, ಕಡತವಲ್ಲ. ಜಾವಾಸ್ಕ್ರಿಪ್ಟ್ ಮೂಲಕ ಕಳುಹಿಸುವವರ ತಪ್ಪು ಇದಕ್ಕೆ ತದ್ವಿರುದ್ಧ. ಫಾರ್ಮ್‌ಡೇಟಾ ಎಂಬ ಸೌಲಭ್ಯವನ್ನು ಬಳಸಿದಾಗ ಗಡಿಗೆರೆಯನ್ನು ಬ್ರೌಸರ್ ತಾನೇ ಬರೆಯುತ್ತದೆ. ಅದರ ಅರಿವಿಲ್ಲದೆ ಕಂಟೆಂಟ್-ಟೈಪ್ ಹೆಡರನ್ನು ಪ್ರೋಗ್ರಾಮರ್ ತನ್ನ ಕೈಯಿಂದ ಬರೆದರೆ ಗಡಿಗೆರೆಯ ಮಾಹಿತಿ ಅಳಿಸಿಹೋಗಿ, ಲಕೋಟೆ ಒಡೆಯಲಾಗದೆ ಸರ್ವರ್ ಕೈಚೆಲ್ಲುತ್ತದೆ. ಆ ಒಂದು ಸಾಲನ್ನು ತೆಗೆದುಹಾಕುವುದೇ ಪರಿಹಾರ.

ಗಾತ್ರದ ಬಾಗಿಲುಗಳು : ಇಂದಿನ ಮೊಬೈಲ್ ಫೋನ್‌ನಲ್ಲಿ ತೆಗೆದ ಒಂದು ಚಿತ್ರ ಹಲವು ಎಂಬಿ ತೂಗುವುದು ಸಾಮಾನ್ಯ. ಆದರೆ ಸರ್ವರ್ ತಂತ್ರಾಂಶಗಳು ಹುಟ್ಟಿನಿಂದಲೇ ಜಿಪುಣ. ಜನಪ್ರಿಯ ಎಂಜಿನ್‌ಎಕ್ಸ್ ಸರ್ವರ್, ಬೇರೆ ಸೂಚನೆ ಕೊಡದಿದ್ದಲ್ಲಿ 1 ಎಂಬಿಗಿಂತ ದೊಡ್ಡ ವಿನಂತಿಯನ್ನು ಒಪ್ಪುವುದಿಲ್ಲ. 413 ಎಂಬ ಸಂಖ್ಯೆಯೊಂದಿಗೆ ಹಿಂದಕ್ಕಟ್ಟುತ್ತದೆ. ಪಿಎಚ್‌ಪಿ ಭಾಷೆಯಲ್ಲಿ ಒಂದು ಕಡತದ ಮೂಲ ಮಿತಿ 2 ಎಂಬಿ, ಇಡೀ ವಿನಂತಿಯ ಮಿತಿ 8 ಎಂಬಿ. ಎರಡನೆಯದನ್ನು ಮೀರಿದರೆ ಕಡತವಷ್ಟೇ ಅಲ್ಲದೆ ಹೆಸರು, ವಿಳಾಸಗಳೂ ಖಾಲಿಯಾಗಿಯೇ ಪ್ರೋಗ್ರಾಮಿನ ಕೈಸೇರುತ್ತವೆ. ‘ಹೆಸರು ತುಂಬಿಲ್ಲ’ ಎಂದು ತಾಣವು ಬಳಕೆದಾರನನ್ನೇ ಗದರುವ ವಿಚಿತ್ರ ಸನ್ನಿವೇಶದ ಹಿಂದಿನ ಗುಟ್ಟು ಅನೇಕ ವೇಳೆ ಇದೇ ಆಗಿರುತ್ತದೆ.

ಕೆಲವರು ಚಿತ್ರವನ್ನು ಬೇಸ್64 ಎಂಬ ಪಠ್ಯರೂಪಕ್ಕೆ ಪರಿವರ್ತಿಸಿ ಜೇಸನ್ ಮಾದರಿಯಲ್ಲಿ ಕಳುಹಿಸುತ್ತಾರೆ. ಆಗ ಗಾತ್ರ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ನೋಡ್ ಜೆಎಸ್‌ನ ಎಕ್ಸ್‌ಪ್ರೆಸ್ ಚೌಕಟ್ಟು ಇಂಥ ವಿನಂತಿಗೆ ಇಟ್ಟಿರುವ ಮೂಲ ಮಿತಿ ಬರೇ 100 ಕೆಬಿ. ಹೀಗೆ ಒಂದರ ಹಿಂದೊಂದು ಬಾಗಿಲುಗಳಿರುವಾಗ ಒಂದನ್ನು ಮಾತ್ರ ಅಗಲಿಸಿದರೆ ಪ್ರಯೋಜನವಿಲ್ಲ. ಎಲ್ಲ ಬಾಗಿಲುಗಳ ಅಳತೆಯೂ ಹೊಂದಬೇಕು. ಗಾತ್ರ ಹೆಚ್ಚಾಗಿದ್ದರೆ ಕಳುಹಿಸುವ ಮೊದಲೇ ಬಳಕೆದಾರನಿಗೆ ತಿಳಿಸುವುದೂ ಸೌಜನ್ಯ.

‘ಒಂದೇ ಮೂಲ’ದ ಕಟ್ಟುಪಾಡು : ಇನ್ನು ಕೆಂಪಕ್ಷರದ ಸಂದೇಶದ ವಿಚಾರ. 1990ರ ದಶಕದ ಮಧ್ಯಭಾಗದಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ ಬ್ರೌಸರ್‌ಗೆ ಜಾವಾಸ್ಕ್ರಿಪ್ಟ್ ಬಂದ ಬೆನ್ನಲ್ಲೇ ಒಂದು ಕಟ್ಟುಪಾಡೂ ಬಂತು. ಒಂದು ತಾಣದ ಸ್ಕ್ರಿಪ್ಟ್ ಇನ್ನೊಂದು ತಾಣದ ಮಾಹಿತಿಯನ್ನು ಓದುವಂತಿಲ್ಲ ಎಂಬುದೇ ಅದು. ಪ್ರೋಟೊಕಾಲ್, ತಾಣದ ಹೆಸರು, ಪೋರ್ಟ್ ಸಂಖ್ಯೆ ಈ ಮೂರೂ ಹೊಂದಿಕೆಯಾದರೆ ಮಾತ್ರ ‘ಒಂದೇ ಮೂಲ’. ಎಚ್‌ಟಿಟಿಪಿ ಒಂದು ಮೂಲ, ಎಚ್‌ಟಿಟಿಪಿಎಸ್ ಇನ್ನೊಂದು ಮೂಲ. ಪ್ರೋಗ್ರಾಮರ್‌ನ ಗಣಕದಲ್ಲೇ ಓಡುವ 3000 ಮತ್ತು 8000 ಪೋರ್ಟ್‌ಗಳು ಸಹ ಬ್ರೌಸರ್‌ನ ಕಣ್ಣಿಗೆ ಪರಸ್ಪರ ಅಪರಿಚಿತರು.

ಈ ಕಟ್ಟುಪಾಡು ಏಕೆ ಬೇಕು? ಬಳಕೆದಾರನೊಬ್ಬ ಒಂದು ಕಿಟಕಿಯಲ್ಲಿ ತನ್ನ ಬ್ಯಾಂಕ್ ಖಾತೆಗೆ ಲಾಗಿನ್ ಆಗಿದ್ದಾನೆ, ಇನ್ನೊಂದರಲ್ಲಿ ಯಾವುದೋ ಆಟದ ತಾಣವನ್ನು ತೆರೆದಿದ್ದಾನೆ ಎಂದುಕೊಳ್ಳಿ. ಕಟ್ಟುಪಾಡೇ ಇಲ್ಲದಿದ್ದರೆ ಆಟದ ತಾಣದ ಸ್ಕ್ರಿಪ್ಟ್ ಆತನ ಕುಕಿಯನ್ನೇ ಗುರುತಿನ ಚೀಟಿಯಂತೆ ಬಳಸಿಕೊಂಡು ಬ್ಯಾಂಕಿನ ಪುಟ ತರಿಸಿ, ಖಾತೆಯ ವಿವರ ಓದಿಬಿಡಬಹುದು. ಬ್ರೌಸರ್‌ನ ಹಟ ಬಳಕೆದಾರನ ರಕ್ಷಣೆಗಾಗಿಯೇ ಇದೆ.

ಆದರೆ ಎರಡು ತಾಣಗಳು ಒಪ್ಪಿ ವ್ಯವಹರಿಸಬೇಕಾದ ಸಂದರ್ಭಗಳೂ ಇವೆ. ಅರ್ಜಿಯ ಪುಟ ಒಂದು ವಿಳಾಸದಲ್ಲಿ, ಕಡತಗಳ ಗೋದಾಮು ಇನ್ನೊಂದು ವಿಳಾಸದಲ್ಲಿ ಇರುವುದು ಈಗ ಮಾಮೂಲು. ಇದಕ್ಕೆಂದೇ ರೂಪುಗೊಂಡ ಅನುಮತಿ ವ್ಯವಸ್ಥೆ ಕ್ರಾಸ್ ಒರಿಜಿನ್ ರಿಸೋರ್ಸ್ ಶೇರಿಂಗ್, ಸಂಕ್ಷಿಪ್ತವಾಗಿ ಕಾರ್ಸ್. ಡಬ್ಲ್ಯುಥ್ರೀಸಿ ಸಂಸ್ಥೆ ಇದನ್ನು 2014ರ ಜನವರಿಯಲ್ಲಿ ಅಧಿಕೃತ ಶಿಫಾರಸಾಗಿ ಪ್ರಕಟಿಸಿತು. ‘ಈ ಮೂಲದಿಂದ ಬಂದವರು ನನ್ನ ಉತ್ತರವನ್ನು ಓದಬಹುದು’ ಎಂದು ಗೋದಾಮಿನ ಸರ್ವರ್ ತನ್ನ ಉತ್ತರದಲ್ಲಿ ಆಕ್ಸೆಸ್-ಕಂಟ್ರೋಲ್-ಅಲೋ-ಒರಿಜಿನ್ ಎಂಬ ಹೆಡರ್ ಮೂಲಕ ಸಾರಬೇಕು. ಹೀಗಾಗಿ ಅನುಮತಿ ನೀಡಬೇಕಾದುದು ಗೋದಾಮು. ಅರ್ಜಿಯ ಪುಟದಲ್ಲಿ ಎಷ್ಟು ತಿದ್ದಿದರೂ ಫಲವಿಲ್ಲ.

ಮುಂಗಡ ವಿಚಾರಣೆ : ಕೆಲವು ವಿನಂತಿಗಳ ವಿಷಯದಲ್ಲಿ ಬ್ರೌಸರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಡತ ಕಳುಹಿಸುವ ಮುನ್ನ ಆಪ್ಷನ್ಸ್ ಎಂಬ ಪುಟ್ಟ ವಿನಂತಿಯನ್ನು ಕಳುಹಿಸಿ ‘ಬರಬಹುದೇ?’ ಎಂದು ವಿಚಾರಿಸುತ್ತದೆ. ಇದೇ ಪ್ರೀಫ್ಲೈಟ್. ಸಾದಾ ಮಲ್ಟಿಪಾರ್ಟ್ ಅಪ್‌ಲೋಡ್‌ಗೆ ಈ ವಿಚಾರಣೆ ಬೇಕಿಲ್ಲ. ಆದರೆ ಅದೇ ವಿನಂತಿಗೆ ಆಥರೈಸೇಶನ್ ಹೆಡರ್ ಸೇರಿಸಿದರೆ, ಅಥವಾ ಜೇಸನ್ ರೂಪದಲ್ಲಿ ಕಳುಹಿಸಿದರೆ ವಿಚಾರಣೆ ತಪ್ಪದು. ‘ಶೇಕಡಾ ಇಷ್ಟು ಮುಗಿಯಿತು’ ಎಂದು ತೋರಿಸುವ ಪಟ್ಟಿಗಾಗಿ ಎಕ್ಸ್‌ಎಂಎಲ್‌ಎಚ್‌ಟಿಟಿಪಿ ರಿಕ್ವೆಸ್ಟ್‌ನ ಅಪ್‌ಲೋಡ್ ಪ್ರಗತಿಯನ್ನು ಗಮನಿಸತೊಡಗಿದರೂ ಪ್ರೀಫ್ಲೈಟ್ ಶುರುವಾಗುತ್ತದೆ. ನಿನ್ನೆಯವರೆಗೆ ನಡೆಯುತ್ತಿದ್ದ ಅಪ್‌ಲೋಡ್ ಪ್ರಗತಿಪಟ್ಟಿ ಸೇರಿಸಿದ ಮರುದಿನ ನಿಂತುಹೋದರೆ ಅಚ್ಚರಿಪಡಬೇಕಿಲ್ಲ.

ಈ ಮುಂಗಡ ವಿನಂತಿಯಲ್ಲಿ ಕುಕಿಯಾಗಲಿ, ಲಾಗಿನ್ ಗುರುತಾಗಲಿ ಇರುವುದಿಲ್ಲ. ಇದನ್ನು ಮರೆತು ಎಲ್ಲ ವಿನಂತಿಗೂ ಲಾಗಿನ್ ಕಡ್ಡಾಯ ಮಾಡಿದ ಸರ್ವರ್, ವಿಚಾರಿಸಲು ಬಂದ ದೂತನನ್ನೇ 401 ಹೇಳಿ ಅಟ್ಟಿಬಿಡುತ್ತದೆ. ಆಪ್ಷನ್ಸ್ ವಿನಂತಿಗೆ ಮಾತ್ರ ಲಾಗಿನ್ ತಪಾಸಣೆಯಿಂದ ವಿನಾಯಿತಿ ಕೊಟ್ಟು, ಯಾವ ವಿಧಾನ, ಯಾವ ಹೆಡರ್‌ಗಳಿಗೆ ಒಪ್ಪಿಗೆ ಇದೆಯೆಂದು ತಿಳಿಸಿದರೆ ಸಮಸ್ಯೆ ಬಗೆಹರಿಯುತ್ತದೆ.

ಮುಖವಾಡದ ದೋಷ : ಅನುಭವಿಗಳನ್ನೂ ದಾರಿ ತಪ್ಪಿಸುವ ಸಂಗತಿಯೊಂದಿದೆ. ಎಂಜಿನ್‌ಎಕ್ಸ್‌ನಲ್ಲಿ ಅನುಮತಿಯ ಹೆಡರ್ ಸೇರಿಸಲು ಬಳಸುವ ಆಡ್-ಹೆಡರ್ ಸೂಚನೆ ಯಶಸ್ವಿ ಉತ್ತರಗಳಿಗೆ ಹಾಗೂ ಬೇರೆ ವಿಳಾಸಕ್ಕೆ ಕಳುಹಿಸುವಂಥ ಕೆಲವು ಉತ್ತರಗಳಿಗೆ ಮಾತ್ರ ಅನ್ವಯಿಸುತ್ತದೆ. 413ರಂಥ ದೋಷದ ಉತ್ತರಕ್ಕೆ ಆ ಹೆಡರ್ ಅಂಟುವುದಿಲ್ಲ. ಆಗ ನಡೆಯುವುದೇನು? ಕಡತ ದೊಡ್ಡದಾಯಿತೆಂದು ಸರ್ವರ್ ಹೇಳುತ್ತದೆ, ಅನುಮತಿಯ ಹೆಡರ್ ಕಾಣದ ಬ್ರೌಸರ್ ಆ ಉತ್ತರವನ್ನು ಪುಟದ ಸ್ಕ್ರಿಪ್ಟ್‌ಗೆ ಓದಲು ಬಿಡದೆ ಕಾರ್ಸ್ ದೋಷವೆಂದು ಸಾರುತ್ತದೆ. ಸಣ್ಣ ಚಿತ್ರ ಏರುತ್ತದೆ, ದೊಡ್ಡದು ‘ಕಾರ್ಸ್’ ಎನ್ನುತ್ತದೆ ಎಂದಾದರೆ ಗಾತ್ರದ ಮಿತಿಯನ್ನೇ ಮೊದಲು ಶಂಕಿಸಬೇಕು. ಸರ್ವರ್‌ನ ಪ್ರೋಗ್ರಾಂ ನಡುವೆಯೇ ಕುಸಿದು 500ರ ಉತ್ತರ ಬಂದಾಗಲೂ ಇದೇ ಮುಖವಾಡ ಕಾಣಿಸಿಕೊಳ್ಳುವುದುಂಟು. ಆಡ್-ಹೆಡರ್ ಸೂಚನೆಯ ಕೊನೆಗೆ ‘ಆಲ್ವೇಸ್’ ಎಂಬ ಪದ ಸೇರಿಸಿದರೆ ದೋಷದ ಉತ್ತರಗಳಿಗೂ ಹೆಡರ್ ದೊರೆತು, ನಿಜವಾದ ಕಾರಣ ಬಯಲಿಗೆ ಬರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಪ್ರೀಫ್ಲೈಟ್ ಇಲ್ಲದ ಸಾದಾ ಅಪ್‌ಲೋಡ್‌ನಲ್ಲಿ ಬ್ರೌಸರ್ ತಡೆಯುವುದು ಉತ್ತರವನ್ನು ಓದುವುದನ್ನು ಮಾತ್ರ. ಕಡತ ಅಷ್ಟರಲ್ಲಿ ಸರ್ವರ್ ತಲುಪಿ, ಉಳಿದೂ ಇರಬಹುದು. ‘ವಿಫಲ’ ಎಂಬ ಸಂದೇಶ ನೋಡಿದ ಅಭ್ಯರ್ಥಿ ಐದು ಬಾರಿ ಗುಂಡಿ ಒತ್ತಿದರೆ ಐದು ಪ್ರತಿಗಳು ಸೇರಿರುತ್ತವೆ. ಆದ್ದರಿಂದ ಸರ್ವರ್‌ನ ದಾಖಲೆಯನ್ನು ಪರಿಶೀಲಿಸದೆ ತೀರ್ಮಾನಕ್ಕೆ ಬರುವುದು ತರವಲ್ಲ.

ನೆಗಡಿಗೆ ಮೂಗು ಕೊಯ್ಯಬೇಡಿ : ಆತುರದ ಪರಿಹಾರಗಳು ಹಲವು. ಬ್ರೌಸರ್‌ನ ಭದ್ರತೆಯನ್ನೇ ಸ್ಥಗಿತಗೊಳಿಸುವುದು ಒಂದು. ಇದರಿಂದ ಪ್ರೋಗ್ರಾಮರ್‌ನ ಗಣಕದಲ್ಲಿ ಕೆಲಸವಾದೀತು, ಗ್ರಾಹಕನ ಗಣಕದಲ್ಲಿ ಆಗದು. ‘ನೋ-ಕಾರ್ಸ್’ ವಿಧಾನ ಮತ್ತೊಂದು. ಕೆಂಪು ಸಾಲು ಮಾಯವಾಗುತ್ತದೆ, ಆದರೆ ಉತ್ತರವನ್ನು ಓದಲು ಸಾಧ್ಯವೇ ಆಗದು. ಎಲ್ಲ ಮೂಲಗಳಿಗೂ ಅನುಮತಿ ಎಂದು ನಕ್ಷತ್ರ ಚಿಹ್ನೆ ಹಾಕಿಬಿಡುವುದು ಮೂರನೆಯದು. ಸಾರ್ವಜನಿಕ ಮಾಹಿತಿಗೆ ಇದು ಸರಿ. ಆದರೆ ಕುಕಿಯೊಂದಿಗೆ ಬರುವ ವಿನಂತಿಗೆ ನಕ್ಷತ್ರವನ್ನು ಬ್ರೌಸರ್ ಒಪ್ಪುವುದಿಲ್ಲ.

ಅಲ್ಲಿಂದ ಮುಂದಿನ ಹೆಜ್ಜೆಯೇ ನಿಜವಾದ ಅಪಾಯ. ಬಂದವರು ಯಾರೇ ಆಗಲಿ, ಅವರ ಮೂಲದ ಹೆಸರನ್ನೇ ಅನುಮತಿಯ ಹೆಡರಿನಲ್ಲಿ ಮರಳಿ ಬರೆದು, ಕುಕಿಗೂ ಒಪ್ಪಿಗೆ ಕೊಡುವಂತೆ ಕೆಲವರು ಪ್ರೋಗ್ರಾಂ ಬರೆಯುತ್ತಾರೆ. ದೋಷದ ಸಾಲು ತಕ್ಷಣ ಮಾಯವಾಗುತ್ತದೆ. ಜೊತೆಗೆ, ಯಾವುದೇ ಅಪರಿಚಿತ ತಾಣ ಲಾಗಿನ್ ಆಗಿರುವ ಅಭ್ಯರ್ಥಿಯ ಅಂಕಪಟ್ಟಿ, ಗುರುತಿನ ದಾಖಲೆಗಳನ್ನು ಓದಲು ದಾರಿಯಾಗುತ್ತದೆ. ನಂಬಬಹುದಾದ ಮೂಲಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ಅದರಲ್ಲಿದ್ದರೆ ಮಾತ್ರ ಅನುಮತಿ ನೀಡುವುದು ಸರಿಯಾದ ಮಾರ್ಗ. ಹೀಗೆ ಮೂಲಕ್ಕೆ ತಕ್ಕಂತೆ ಉತ್ತರ ಬದಲಾಗುವಾಗ ‘ವೇರಿ : ಒರಿಜಿನ್’ ಹೆಡರನ್ನೂ ಸೇರಿಸಬೇಕು. ಇಲ್ಲವಾದರೆ ನಡುವಿನ ಕ್ಯಾಶ್ ಒಬ್ಬರಿಗೆ ಕೊಟ್ಟ ಅನುಮತಿಯನ್ನು ಇನ್ನೊಬ್ಬರಿಗೆ ದಾಟಿಸೀತು.

ಪತ್ತೆ ಹಚ್ಚುವ ಕ್ರಮ : ಪೋಸ್ಟ್‌ಮನ್ ಅಥವಾ ಕರ್ಲ್‌ನಂಥ ಸಾಧನದಿಂದ ಅದೇ ಕಡತವನ್ನು ಕಳುಹಿಸಿ ನೋಡುವುದು ಮೊದಲ ಹೆಜ್ಜೆ. ಈ ಸಾಧನಗಳಿಗೆ ‘ಒಂದೇ ಮೂಲ’ದ ಕಟ್ಟುಪಾಡಿಲ್ಲ. ಅಲ್ಲಿಯೂ ವಿಫಲವಾದರೆ ದೋಷ ಗಾತ್ರದ್ದೋ ಪ್ರೋಗ್ರಾಮಿನದೋ ಆಗಿರುತ್ತದೆ, ಕಾರ್ಸ್‌ನದ್ದಲ್ಲ. ಅಲ್ಲಿ ಯಶಸ್ವಿಯಾದರೆ ಬ್ರೌಸರ್‌ನ ನೆಟ್‌ವರ್ಕ್ ವಿಭಾಗ ತೆರೆದು ಆಪ್ಷನ್ಸ್ ವಿನಂತಿ ಹೋಗಿದೆಯೇ, ಅದಕ್ಕೆ ಬಂದ ಸಂಖ್ಯೆ ಏನು, ಮುಖ್ಯ ವಿನಂತಿ ಹೊರಟಿತೇ ಎಂಬುದನ್ನು ಅನುಕ್ರಮವಾಗಿ ನೋಡಬೇಕು. ಕೊನೆಗೆ ಸರ್ವರ್‌ನ ದಾಖಲೆ.

ಕಡತವನ್ನು ನೇರವಾಗಿ ಅಮೆಜಾನ್ ಎಸ್3ಯಂಥ ಗೋದಾಮಿಗೆ ಕಳುಹಿಸುವ ತಾಣಗಳು ಆ ಬಕೆಟ್‌ನಲ್ಲಿಯೇ ಕಾರ್ಸ್ ನಿಯಮಗಳನ್ನು ಬರೆಯಬೇಕು. ಅಲ್ಲಿ ಒಂದೇ ಬಾರಿಗೆ ಕಳುಹಿಸಬಹುದಾದ ಕಡತದ ಮಿತಿ 5 ಜಿಬಿ. ತುಂಡುತುಂಡಾಗಿ ಕಳುಹಿಸುವುದಾದರೆ ಪ್ರತಿ ತುಂಡಿಗೂ ದೊರೆಯುವ ಇಟ್ಯಾಗ್ ಎಂಬ ಹೆಡರ್ ಸ್ಕ್ರಿಪ್ಟ್‌ಗೆ ಕಾಣುವಂತೆ ನಿಯಮದಲ್ಲಿ ನಮೂದಿಸಿರಬೇಕು. ಇದನ್ನು ಮರೆತರೆ ಎಲ್ಲ ತುಂಡುಗಳೂ ತಲುಪಿದ ಮೇಲೆ ಅವನ್ನು ಜೋಡಿಸುವ ಕೊನೆಯ ಹಂತದಲ್ಲಿ ಕೆಲಸ ನಿಲ್ಲುತ್ತದೆ.

ಏರಿದ ಮೇಲೂ ಎಚ್ಚರ : ಕಡತ ತಲುಪಿದ ಮಾತ್ರಕ್ಕೆ ಹೊಣೆ ಮುಗಿಯದು. ‘ಚಿತ್ರಗಳು ಮಾತ್ರ’ ಎಂದು ಪುಟದಲ್ಲಿ ಬರೆಯುವ ನಿರ್ಬಂಧವನ್ನು ಯಾರೂ ಸುಲಭವಾಗಿ ದಾಟಬಹುದು. ಕಡತದ ಒಳಗಿರುವುದು ನಿಜಕ್ಕೂ ಚಿತ್ರವೇ ಎಂಬುದನ್ನು ಸರ್ವರ್ ತಾನೇ ಪರೀಕ್ಷಿಸಬೇಕು. ಬಂದ ಹೆಸರನ್ನು ಬಿಟ್ಟು ಹೊಸ ಹೆಸರಿನಲ್ಲಿ, ಪ್ರೋಗ್ರಾಂ ಓಡಲು ಅವಕಾಶವಿಲ್ಲದ ಜಾಗದಲ್ಲಿ ಉಳಿಸಬೇಕು. ಇದರಿಂದ ಇನ್ನೊಂದು ಲಾಭವೂ ಇದೆ. ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಯೂನಿಕೋಡ್ ಅರಿಯದ ಹಳೆಯ ಪ್ರೋಗ್ರಾಮುಗಳ ಕೈಯಲ್ಲಿ ಚಿತ್ರವಿಚಿತ್ರ ಅಕ್ಷರಗಳಾಗುವ ತೊಂದರೆಯೂ ತಪ್ಪುತ್ತದೆ.

ಬಳಕೆದಾರರಿಗೂ ಒಂದೆರಡು ಕಿವಿಮಾತು. 2017ರ ಐಒಎಸ್ 11ರಿಂದೀಚೆಗೆ ಐಫೋನ್‌ಗಳು ಚಿತ್ರಗಳನ್ನು ಎಚ್‌ಇಐಸಿ ಎಂಬ ರೂಪದಲ್ಲಿ ಉಳಿಸುತ್ತವೆ. ಜೆಪೆಗ್ ಮಾತ್ರ ಒಪ್ಪುವ ತಾಣಕ್ಕೆ ಇವು ಸಲ್ಲವು. ಹೆಸರಿನ ಕೊನೆಯ ಅಕ್ಷರಗಳನ್ನು ಬದಲಿಸಿದರೆ ರೂಪ ಬದಲಾಗುವುದಿಲ್ಲ, ಪರಿವರ್ತಿಸಿಯೇ ಕಳುಹಿಸಬೇಕು. ದೋಷ ಕಂಡಾಗ ಮತ್ತೆ ಮತ್ತೆ ಗುಂಡಿ ಒತ್ತುವ ಬದಲು ಗಾತ್ರ ಕುಗ್ಗಿಸಿ ಒಮ್ಮೆ ಪ್ರಯತ್ನಿಸಿ. ಪರದೆಯ ಚಿತ್ರವನ್ನೂ ಸಮಯವನ್ನೂ ದಾಖಲಿಸಿಟ್ಟುಕೊಂಡರೆ ದೂರು ನೀಡುವಾಗ ಅನುಕೂಲ.

ತಾಣ ನಿರ್ಮಿಸುವವರಿಗೆ ಕೆಂಪಕ್ಷರದ ಆ ಸಾಲು ಕಾವಲುಗಾರನ ಕೂಗಿದ್ದಂತೆ. ಕೂಗಿದ್ದೇಕೆಂದು ವಿಚಾರಿಸಿದರೆ ಅರ್ಧ ತಾಸಿನ ಕೆಲಸ. ಕಾವಲುಗಾರನನ್ನೇ ಮನೆಗೆ ಕಳುಹಿಸಿದರೆ ಅಂದಿನ ಸದ್ದು ಅಡಗೀತು. ಆದರೆ ಕಳವಾಗುವುದು ನಂಬಿ ದಾಖಲೆ ಕೊಟ್ಟವರ ಸೊತ್ತು.