ಆರೋಗ್ಯ ಮಾಲಿಕೆ: ಗೇಟ್ ಹಾಕಿದರೆ ಮಗು ಸುರಕ್ಷಿತವೇ?

ಮಕ್ಕಳ ಮೇಲಿನ ದೌರ್ಜನ್ಯದ ಸುದ್ದಿ ಬಂದಾಗಲೆಲ್ಲ ನಾವು ಮೊದಲು ನಿಲ್ಲಿಸುವುದು ಮಗುವಿನ ಆಟವನ್ನು. ಸೈಕಲ್ ಮೂಲೆ ಸೇರುತ್ತದೆ, ಅಂಗಡಿಗೆ ಹೋಗುವುದು ಬಂದ್ ಆಗುತ್ತದೆ.

ಚೆನ್ನೈನ ಅಯನಾವರಂ ಪ್ರಕರಣ ನಿಮಗೆ ನೆನಪಿರಬಹುದು. 2018ರ ಜುಲೈನಲ್ಲಿ ಬೆಳಕಿಗೆ ಬಂತು. ಅದು ನಡೆದದ್ದು ಬೀದಿಯಲ್ಲಲ್ಲ; ಗೇಟು, ಕಾವಲು, ಲಿಫ್ಟ್ ಎಲ್ಲವೂ ಇದ್ದ ದೊಡ್ಡ ಅಪಾರ್ಟ್‌ಮೆಂಟಿನ ಒಳಗೆ, ತಿಂಗಳುಗಟ್ಟಲೆ. ಹುಡುಗಿಗೆ 11 ವರ್ಷ. ಬಂಧಿತರಾದ 17 ಮಂದಿಯಲ್ಲಿ ಲಿಫ್ಟ್ ನಡೆಸುವವರು, ಕಾವಲುಗಾರರು, ಪ್ಲಂಬರ್‌ಗಳು ಇದ್ದರು. ಅಂದರೆ ಮಗು ದಿನವೂ ನೋಡುತ್ತಿದ್ದ ಮುಖಗಳೇ. ಕೊನೆಗೆ ಅವಳು ಬಾಯಿಬಿಟ್ಟದ್ದು ಅಕ್ಕನ ಹತ್ತಿರ. 2020ರ ಫೆಬ್ರವರಿಯಲ್ಲಿ ನ್ಯಾಯಾಲಯ 15 ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಿತು. ಐವರಿಗೆ ಜೀವಾವಧಿ ಶಿಕ್ಷೆಯಾಯಿತು.

ಇಂಥ ಸುದ್ದಿ ಓದಿದ ಕೂಡಲೇ "ತಾಯಿ ಏನು ಮಾಡುತ್ತಿದ್ದಳು?" ಎಂದು ಕೇಳುವವರಿದ್ದಾರೆ. ದಯವಿಟ್ಟು ಕೇಳಬೇಡಿ. ತಪ್ಪು ಮಾಡಿದವನದು ತಪ್ಪು. ಆಡಲು ಹೋದ ಮಗುವಿನದೂ ಅಲ್ಲ, ಕಳಿಸಿದ ತಾಯಿಯದೂ ಅಲ್ಲ.

ಹಾಗಾದರೆ ಬಿಟ್ಟುಬಿಡುವುದೇ? ಅದೂ ಅಲ್ಲ. "ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್" ಎಂದು ಹೇಳಿ ಹೋಗುವ ರೂಢಿ ಮಾಡಿಸಿ. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. "ನೀನು ನಿಯಮ ಮುರಿದಿದ್ದರೂ ಸರಿ, ಬಂದು ಹೇಳು, ಬೈಯುವುದಿಲ್ಲ" ಎಂದು ಮಾತು ಕೊಡಿ, ಕೊಟ್ಟ ಮೇಲೆ ಉಳಿಸಿಕೊಳ್ಳಿ. ಹೊರಗೆ ಹೋಗಬೇಡ ಎಂದಷ್ಟೇ ಕಲಿತ ಮಗು, ಹೋದಾಗ ಏನಾದರೂ ಆದರೆ ಬೈಗುಳಕ್ಕೆ ಹೆದರಿ ಮುಚ್ಚಿಡುತ್ತದೆ. ಬೆದರಿಸುವವನಿಗೆ ಬೇಕಾದದ್ದೂ ಅದೇ. ಗಂಡುಮಕ್ಕಳಿಗೂ ಇದನ್ನೇ ಹೇಳಿ. 2007ರಲ್ಲಿ ಕೇಂದ್ರ ಸರ್ಕಾರ 13 ರಾಜ್ಯಗಳಲ್ಲಿ ಮಾಡಿಸಿದ ಅಧ್ಯಯನದಲ್ಲಿ ಕಿರುಕುಳ ಅನುಭವಿಸಿದ್ದೇವೆ ಎಂದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗರೇ.

ಅಪಾರ್ಟ್‌ಮೆಂಟ್ ಸಭೆಯಲ್ಲಿ ಪಾರ್ಕಿಂಗ್ ಜಗಳಕ್ಕೆ ಒಂದು ಗಂಟೆ ಹೋಗುತ್ತದೆ. ಖಾಲಿ ಫ್ಲಾಟ್‌ಗಳ, ಟೆರೇಸಿನ ಬೀಗದ ಕೈ ಯಾರ ಹತ್ತಿರ ಇದೆ, ಬೇಸ್‌ಮೆಂಟಿನಲ್ಲಿ ದೀಪ ಉರಿಯುತ್ತಿದೆಯೇ, ಕೆಲಸಗಾರರ ಪೊಲೀಸ್ ಪರಿಶೀಲನೆ ಆಗಿದೆಯೇ ಎಂದು ಹತ್ತು ನಿಮಿಷ ಕೇಳಿ.

ಕಾರಣ ತಿಳಿಯದ ಹೊಟ್ಟೆನೋವು, ಮೂತ್ರ ಮಾಡುವಾಗ ಉರಿ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಒಬ್ಬ ವ್ಯಕ್ತಿಯನ್ನು ಕಂಡರೆ ಹೆದರಿಕೆ: ಇವನ್ನು ಗಮನಿಸಿ. ಬೇರೆ ಕಾರಣಗಳಿಂದಲೂ ಬರಬಹುದು, ಗಾಬರಿ ಬೇಡ, ವೈದ್ಯರಿಗೆ ತೋರಿಸಿ. ಮಗು ಏನಾದರೂ ಹೇಳಿದರೆ ನಂಬಿ. ಹತ್ತು ಸಲ ಹೇಳಿಸಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಔಷಧಿ ಬೇಕಾದರೆ 72 ಗಂಟೆಯೊಳಗೆ ಶುರುವಾಗಬೇಕು. ಸಾಧ್ಯವಾದರೆ ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ ಹೋಗಿ. ಆಗಲೇ ಮಾಡಿಸಿದ್ದರೂ ಹೋಗಿ. ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಪ್ರಥಮ ಚಿಕಿತ್ಸೆ ಕೊಡಬೇಕು. ಮೊದಲು ಎಫ್‌ಐಆರ್ ತನ್ನಿ ಎನ್ನುವಂತಿಲ್ಲ.

2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಬರುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ರಾತ್ರಿ ಠಾಣೆಯಲ್ಲಿ ಮಗುವನ್ನು ಇರಿಸಿಕೊಳ್ಳುವಂತಿಲ್ಲ. ಚೆನ್ನೈನಲ್ಲಿರುವ ನಮ್ಮ ಕನ್ನಡದ ಮನೆಗಳಿಗೆ ಇನ್ನೊಂದು ಮಾತು: ಮಗುವಿಗೆ ತಮಿಳು ಬಾರದಿದ್ದರೆ ದುಭಾಷಿಯನ್ನು ಕೇಳಿ ಪಡೆಯಿರಿ, ಅದಕ್ಕೂ ಇದೇ ಕಾಯ್ದೆಯಲ್ಲಿ ಅವಕಾಶವಿದೆ.