ಸಾದಾ ಬಲೆನೊ, ಆರ್‌ಎಸ್ ಬಲೆನೊ: ಕಲಬುರಗಿಯಲ್ಲಿ ಕೇಳಿಬರುವ ಮಾತು, ಕಾರಿನೊಳಗಿನ ಸತ್ಯ

ಟೊಯೊಟಾ 86ರಂಥ ಜಪಾನಿ ಕೂಪೆಯ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡ ಹುಡುಗರು ಕಲಬುರಗಿಯಲ್ಲೂ ಇದ್ದಾರೆ. ಆ ಕಾರು ಭಾರತದ ಶೋರೂಮಿಗೆ ಬರಲೇ ಇಲ್ಲ. ಹಾಗಾಗಿ ಜಪಾನಿ ಕಂಪನಿಯದೇ ಇರಬೇಕು, ಓಟದಲ್ಲಿ ಚುರುಕಿರಬೇಕು, ಸೆಕೆಂಡ್ ಹ್ಯಾಂಡ್ ಬೆಲೆಗೂ ಸಿಗಬೇಕು ಎನ್ನುವವರ ಹುಡುಕಾಟ ಹೆಚ್ಚಾಗಿ ಮಾರುತಿ ಸುಜುಕಿ ಬಲೆನೊ ಹತ್ತಿರ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದಿನ ಪ್ರಶ್ನೆ: 1.2 ಲೀಟರಿನ ಸಾದಾ ಬಲೆನೊ ಕೊಳ್ಳುವುದೋ, 2017ರ ಮಾರ್ಚ್‌ನಲ್ಲಿ ಬಂದು ಬಿಎಸ್6 ನಿಯಮದ ಹೊತ್ತಿಗೆ ನಿಂತುಹೋದ ಬಲೆನೊ ಆರ್‌ಎಸ್ ಕೊಳ್ಳುವುದೋ? ಈ ಪ್ರಶ್ನೆಗೆ ಉತ್ತರ ಕೊಡಲು ಮುಂದೆ ಬರುವವರು ಬಹಳ. ಅವರ ಮಾತಿನಲ್ಲಿ ಅರ್ಧದಷ್ಟು ಕೇಳಿ ಹೇಳಿದ್ದು.

“ದುಬೈದಾಗ ನಮ್ಮ ಮಾವ ಇದ್ದಾನ, ಅಲ್ಲಿಂದಾನೇ ತರಸ್ತೀನಿ”

ಟೊಯೊಟಾ 86ರ ಆಸೆ ಬಿಡದವರು ಹೇಳುವ ಇದು ಆಗದ ಮಾತು. ಬಳಸಿದ ಕಾರನ್ನು ಭಾರತಕ್ಕೆ ತರಬೇಕಾದರೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೇರಿಂಗ್ ಬಲಗಡೆ ಇರಬೇಕು. ಕೊಲ್ಲಿ ದೇಶಗಳ ಕಾರುಗಳಲ್ಲಿ ಸ್ಟೇರಿಂಗ್ ಎಡಗಡೆ. ಜಪಾನಿನಿಂದಲೇ ತರುತ್ತೇನೆಂದರೆ ಸ್ಟೇರಿಂಗ್ ಸರಿಹೋಗುತ್ತದೆ, ಆದರೆ ಕಟ್ಟುವ ಸುಂಕ ಕಾರಿನ ಬೆಲೆಯನ್ನೇ ಮೀರುತ್ತದೆ.

“ಒಂದೇ ಲೀಟರ್ ಇಂಜಿನ್, ಮೂರೇ ಸಿಲಿಂಡರ್. ಅದರಾಗ ಏನ್ ಪಿಕಪ್ ಇರ್ತದ್ರಿ?”

ಅತಿ ಹೆಚ್ಚು ಜನರನ್ನು ದಾರಿ ತಪ್ಪಿಸುವ ನಂಬಿಕೆ ಇದು. ಸಾದಾ ಬಲೆನೊದ್ದು 1,197 ಸಿಸಿ, ನಾಲ್ಕು ಸಿಲಿಂಡರಿನ ಇಂಜಿನ್. ಶಕ್ತಿ ಸುಮಾರು 84 ಪಿಎಸ್, ಟಾರ್ಕ್ 115 ನ್ಯೂಟನ್ ಮೀಟರ್. ಆರ್‌ಎಸ್‌ನದು 998 ಸಿಸಿ, ಮೂರು ಸಿಲಿಂಡರಿನ ಬೂಸ್ಟರ್‌ಜೆಟ್ ಟರ್ಬೋ ಇಂಜಿನ್. ಶಕ್ತಿ 102 ಪಿಎಸ್, ಟಾರ್ಕ್ 150. ಹೊಗೆಯ ರಭಸದಿಂದ ತಿರುಗುವ ಟರ್ಬೋ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಗಾಳಿ ಹೆಚ್ಚು ಹೋದಷ್ಟೂ ಪೆಟ್ರೋಲ್ ಹೆಚ್ಚು ಉರಿಸಬಹುದು. ಆದ್ದರಿಂದ ಸಿಸಿ ನೋಡಿ ಬಲ ಅಳೆಯುವ ಹಳೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಆದರೆ ಗಮನಿಸಬೇಕಾದದ್ದು ಆ 150ರ ಅಂಕಿಯನ್ನಲ್ಲ, ಅದು ಸಿಗುವ ಜಾಗವನ್ನು. ಸಾದಾ ಇಂಜಿನ್ ತನ್ನ ಪೂರ್ತಿ ಟಾರ್ಕ್ ಕೊಡುವುದು 4,000 ಆರ್‌ಪಿಎಂನಲ್ಲಿ. ಆರ್‌ಎಸ್ 1,700ಕ್ಕೇ ಕೊಟ್ಟು 4,500ರವರೆಗೆ ಹಿಡಿದಿಡುತ್ತದೆ. ಇದರ ಬೆಲೆ ಗೊತ್ತಾಗಬೇಕಾದರೆ ಊರೊಳಗೆ ಸೂಪರ್ ಮಾರ್ಕೆಟ್ ಸುತ್ತ ಓಡಿಸಿ ನೋಡಿದರೆ ಪ್ರಯೋಜನವಿಲ್ಲ. ಅಲ್ಲಿ ಎರಡೂ ಕಾರು ಎರಡನೇ ಗೇರಿನಲ್ಲೇ ತೆವಳುತ್ತವೆ. ಸಾದಾ ಇಂಜಿನ್ನೇ ಅಲ್ಲಿ ನಯವಾಗಿದೆ. ಮೂರು ಸಿಲಿಂಡರಿನ ನಡುಕ ನಿಂತಲ್ಲಿ ನಿಂತಾಗ ಸೀಟಿಗೆ ತಟ್ಟುತ್ತದೆ.

ಹುಮನಾಬಾದ್ ದಿಕ್ಕಿಗೆ ಹೊರಡಿ. ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸುಮಾರು 35 ಕಿ.ಮೀ. ದೂರ. ಮುಂದೆ ಭಾರ ಹೊತ್ತ ಲಾರಿ, ಎದುರಿನಿಂದಲೂ ವಾಹನ ಬರುವ ರಸ್ತೆ. ಲಾರಿಯ ಹಿಂದೆ 50ರ ವೇಗದಲ್ಲಿ ಸಿಕ್ಕಿಕೊಂಡಿದ್ದೀರಿ. ಸಾದಾ ಬಲೆನೊ ಆದರೆ ಎರಡು ಗೇರ್ ಇಳಿಸಿ, ಇಂಜಿನ್ ಕೂಗುವವರೆಗೆ ತುಳಿಯಬೇಕು. ಆರ್‌ಎಸ್‌ನಲ್ಲಿ ಒಂದು ಗೇರ್ ಇಳಿಸಿದರೂ ಎಳೆತ ಸಿಗುತ್ತದೆ. ನೀವು 80ರಲ್ಲಿ, ಎದುರಿನ ಬಸ್ಸು 80ರಲ್ಲಿ ಬರುತ್ತಿದ್ದರೆ ಒಂದೊಂದು ಸೆಕೆಂಡಿಗೂ ನಡುವಿನ ಅಂತರ 44 ಮೀಟರಿನಷ್ಟು ಕರಗುತ್ತದೆ. ಓವರ್‌ಟೇಕ್‌ನಲ್ಲಿ ಉಳಿಯುವ ಒಂದು ಸೆಕೆಂಡಿನ ಅರ್ಥ ಅದು. ವಾರಕ್ಕೆ ನಾಲ್ಕು ದಿನ ಬೀದರ್ ಕಡೆ ಓಡಾಡುವ ಕೆಲಸದವರಿಗೆ ಆರ್‌ಎಸ್ ಶೋಕಿಯ ವಸ್ತುವಲ್ಲ ಎಂದು ನಾನು ಹೇಳುವುದು ಇದಕ್ಕೇ. ಆ ಎಳೆತವಿದೆ ಎಂದು ತಿರುವಿನಲ್ಲಿ ನುಗ್ಗುವವರಿಗೆ ಮಾತ್ರ ಯಾವ ಇಂಜಿನ್ನೂ ನೆರವಾಗದು.

“ಟರ್ಬೋ ಗಾಡಿ ಆವರೇಜ್ ಕೊಡಂಗಿಲ್ಲ”

ಅಧಿಕೃತ ಪರೀಕ್ಷೆಯ ಅಂಕಿ ಸಾದಾ ಕಾರಿಗೆ ಲೀಟರಿಗೆ 21.4 ಕಿ.ಮೀ., ಆರ್‌ಎಸ್‌ಗೆ 21.1. ರಸ್ತೆಯಲ್ಲಿ ಎರಡೂ ಇದಕ್ಕಿಂತ ಕಡಿಮೆಯೇ ಕೊಡುತ್ತವೆ. ಟರ್ಬೋ ಕಾರಿನ ಆವರೇಜ್ ಓಡಿಸುವವನ ಕಾಲಿನ ಮೇಲೆ ಹೆಚ್ಚು ನಿಂತಿದೆ, ಅಷ್ಟೇ.

“ನಮ್ಮ ಬಿಸಿಲಿಗೆ ಟರ್ಬೋ ತಡ್ಯಾಂಗಿಲ್ಲ”

ಮೇ ತಿಂಗಳಲ್ಲಿ 42, 43 ಡಿಗ್ರಿ ಕಾಣುವ ಊರಿನಲ್ಲಿ ಈ ಭಯ ಸಹಜ. ಆದರೆ ಟರ್ಬೋದ ಬಿಸಿ ಬದಿಗೆ ಹಾಯುವ ಹೊಗೆಯ ಉಷ್ಣತೆಯೇ ನೂರಾರು ಡಿಗ್ರಿ. ಹೊರಗೆ 30 ಇದೆಯೋ 43 ಇದೆಯೋ ಎಂಬುದು ಅದಕ್ಕೆ ದೊಡ್ಡ ವಿಷಯವಲ್ಲ. ಬಿಸಿ ಗಾಳಿ ತೆಳುವಾಗಿರುವುದರಿಂದ ಎಳೆತ ತುಸು ತಗ್ಗುತ್ತದೆ, ಅದು ಸಾದಾ ಇಂಜಿನ್ನಿಗೂ ಆಗುವುದೇ. ಟರ್ಬೋ ಕೆಡುವುದು ಆಯಿಲ್‌ನಿಂದ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಅದರ ದಂಡ ತೇಲುವುದು ತೆಳ್ಳನೆಯ ಆಯಿಲ್ ಪದರದ ಮೇಲೆ. ಹಿಂದಿನ ಮಾಲೀಕ ಆಯಿಲ್ ಬದಲಿಸುವುದನ್ನು ಮುಂದೂಡಿದ್ದರೆ, ಅಗ್ಗದ ಆಯಿಲ್ ಹಾಕಿಸಿದ್ದರೆ, ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ಬಂದು ಥಟ್ಟನೆ ಇಂಜಿನ್ ನಿಲ್ಲಿಸುವ ರೂಢಿಯಿದ್ದರೆ ಸವೆತ ಶುರುವಾಗುತ್ತದೆ.

ಇದನ್ನು ಕೊಳ್ಳುವ ಮುಂಚೆಯೇ ಪತ್ತೆ ಮಾಡಬಹುದು. ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ ಹೋಗಿ. ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ. ಆಯಿಲ್ ಮುಚ್ಚಳ ತಿರುಗಿಸಿ ಒಳಬದಿ ನೋಡಿ, ಡಾಂಬರಿನಂಥ ಕಪ್ಪು ಜಿಡ್ಡು ಅಂಟಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಸ್ಟಾರ್ಟ್ ಮಾಡಿಸಿ ಸೈಲೆನ್ಸರ್ ಹಿಂದೆ ನಿಂತಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಆಮೇಲೆ ರಿಂಗ್ ರೋಡಿಗೆ ಒಯ್ದು ಮೂರನೇ ಗೇರಿನಲ್ಲಿ ನಿಧಾನಕ್ಕೆ ಬಿಟ್ಟು ಒಮ್ಮೆ ತುಳಿಯಿರಿ. ಎಳೆತ ತುಂಬಿಕೊಂಡು ಬರಬೇಕು. ಬರೀ ಸುಯ್ ಎಂಬ ಸದ್ದು ಬಂದು ಗಾಡಿ ಮುಂದೆ ಹೋಗದಿದ್ದರೆ ಪೈಪ್ ಸೋರುತ್ತಿರಬಹುದು, ಇಲ್ಲವೇ ಟರ್ಬೋ ಸೋತಿರಬಹುದು. ಮೀಟರಿನ ಕಿಲೋಮೀಟರ್ ಓದಿ ಖುಷಿಪಡುವುದಕ್ಕಿಂತ ಸರ್ವಿಸ್ ದಾಖಲೆಯಲ್ಲಿ ಆಯಿಲ್ ಬದಲಿಸಿದ ತಾರೀಖುಗಳನ್ನು ಓದುವುದು ಲೇಸು. ದಾಖಲೆಯಿಲ್ಲದ ಆರ್‌ಎಸ್‌ಗಿಂತ ದಾಖಲೆಯಿರುವ ಸಾದಾ ಬಲೆನೊ ನೂರು ಪಾಲು ಮೇಲು.

ಆರ್‌ಎಸ್‌ಗೆ ಬಿಡಿಭಾಗ ಸಿಗದು ಎಂಬ ಭಯದಲ್ಲಿ ಮಾತ್ರ ಹುರುಳಿದೆ. ಎಲ್ಲ ಮಾದರಿ ಸೇರಿ ಬಲೆನೊ 2021ರ ಕೊನೆಗೆ 10 ಲಕ್ಷ ಮಾರಾಟ ದಾಟಿತ್ತು. ಸಾದಾ ಕಾರಿನ ಸಾಮಾನು ಎಲ್ಲೆಡೆ ಸಿಗುತ್ತದೆ. ಆರ್‌ಎಸ್ ಕೆಲವೇ ಸಾವಿರ. ಅದರ ಟರ್ಬೋ ಬದಿಯ ಸಾಮಾನನ್ನು ಆರ್ಡರ್ ಮಾಡಿ ಕಾಯಬೇಕಾಗಬಹುದು.

“ಸ್ಪೋರ್ಟ್ಸ್ ಗಾಡಿಗೆ ಇನ್ಶೂರೆನ್ಸ್ ಜಾಸ್ತಿ”

ಥರ್ಡ್ ಪಾರ್ಟಿ ವಿಮೆಯಲ್ಲಿ ಇದು ತಿರುಗುಮುರುಗು. ಅದರ ದರ ನಿಂತಿರುವುದು ಸಿಸಿ ಮೇಲೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 1,000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ ₹2,094, ಅದರಾಚೆ 1,500 ಸಿಸಿವರೆಗೆ ₹3,416. ಅಂದರೆ 998 ಸಿಸಿಯ ಆರ್‌ಎಸ್‌ಗೇ ಕಡಿಮೆ.

“ನಾಲ್ಕೂ ಚಕ್ರಕ್ಕ ಡಿಸ್ಕ್ ಅದ, ಬ್ರೇಕಿನ ಚಿಂತಿ ಇಲ್ಲ”

ಆರ್‌ಎಸ್‌ಗೆ ಹಿಂದೆಯೂ ಡಿಸ್ಕ್ ಇದೆ, ಸಾದಾ ಕಾರಿಗೆ ಹಿಂದೆ ಡ್ರಮ್. ಆದರೆ ಜೋರಾಗಿ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದೇ. ಎಬಿಎಸ್ ಎರಡರಲ್ಲೂ ಇದೆ. ಗಾಡಿಯನ್ನು ಕೊನೆಗೆ ನಿಲ್ಲಿಸುವುದು ಟಯರು. ಅದರ ಬದಿಯಲ್ಲಿ ಒತ್ತಿದ ನಾಲ್ಕು ಅಂಕಿ ಓದಿ: 2318 ಎಂದಿದ್ದರೆ 2018ರ 23ನೇ ವಾರ ತಯಾರಾದದ್ದು. ನಮ್ಮ ಬಿಸಿಲಲ್ಲಿ ಅಷ್ಟು ಹಳೆಯ ರಬ್ಬರ್ ಗಟ್ಟಿಯಾಗಿರುತ್ತದೆ, ಹಲ್ಲು ಎಷ್ಟೇ ಉಳಿದಿರಲಿ.

ಬ್ರೇಕಿನ ನಿಜವಾದ ಚಿಂತೆ ಬೇರೆಯದು. 2016ರ ಅಕ್ಟೋಬರ್ 27ರಿಂದ 2019ರ ನವೆಂಬರ್ 1ರ ನಡುವೆ ತಯಾರಾದ 7,213 ಆರ್‌ಎಸ್ ಕಾರುಗಳನ್ನು 2023ರ ಏಪ್ರಿಲ್‌ನಲ್ಲಿ ಮಾರುತಿ ವಾಪಸ್ ಕರೆಸಿತು. ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪಿನಲ್ಲಿ ದೋಷವಿರಬಹುದು, ಪೆಡಲನ್ನು ಹೆಚ್ಚು ಬಲದಿಂದ ಒತ್ತಬೇಕಾಗಬಹುದು ಎಂಬ ಕಾರಣಕ್ಕೆ. ಸಾದಾ ಕಾರೂ ಹೊರತಲ್ಲ: 2019ರ ಜುಲೈ 30ರಿಂದ ನವೆಂಬರ್ 1ರ ನಡುವಿನ 11,851 ಬಲೆನೊಗಳನ್ನು ಫ್ಯುಯೆಲ್ ಪಂಪ್ ಮೋಟರ್ ಸಲುವಾಗಿ 2024ರ ಮಾರ್ಚ್‌ನಲ್ಲಿ ಕರೆಸಿದರು. ಚಾಸಿ ನಂಬರ್ ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ಕೇಳಿ, ಆ ಕೆಲಸ ಆಗಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಮಾರುವವನಿಗೆ ಇದು ಗೊತ್ತೇ ಇರದಿರಬಹುದು.

“ಹಿಂದ ಆರ್‌ಎಸ್ ಅಂತ ಬರದದ ನೋಡ್ರಿ”

ಆ ಅಕ್ಷರ ಯಾರು ಬೇಕಾದರೂ ಅಂಟಿಸಬಹುದು, ಬಂಪರ್ ಬದಲಿಸಬಹುದು. ಆರ್‌ಸಿ ನೋಡಿ. 998 ಸಿಸಿ, ಮೂರು ಸಿಲಿಂಡರ್ ಎಂದಿದ್ದರೆ ಆರ್‌ಎಸ್. 1,197, ನಾಲ್ಕು ಎಂದಿದ್ದರೆ ಸಾದಾ.

“ಹೈದರಾಬಾದಿಂದ ತಂದ್ರ ಐವತ್ತು ಸಾವಿರ ಉಳೀತದ”

ಗಡಿಯ ಊರು ನಮ್ಮದು. ಸೊಲ್ಲಾಪುರದ ಎಂಎಚ್, ಹೈದರಾಬಾದಿನ ಟಿಎಸ್ ಗಾಡಿಗಳು ಇಲ್ಲಿ ಧಾರಾಳ ಸಿಗುತ್ತವೆ, ಆರ್‌ಎಸ್ ಹುಡುಕುವವರು ಅತ್ತಲೇ ಹೋಗುವುದು ಹೆಚ್ಚು. ಬೆಲೆ ಕಡಿಮೆ ಕಾಣುತ್ತದೆ, ನಿಜ. ಆದರೆ ಹೊರರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲೇ ಇಟ್ಟುಕೊಂಡರೆ ಕೆಎ 32ಕ್ಕೆ ಮರುನೋಂದಣಿ ಮಾಡಿಸಲೇಬೇಕು. ಕರ್ನಾಟಕದ ಆಜೀವ ತೆರಿಗೆ 5ರಿಂದ 10 ಲಕ್ಷದ ಹೊಸ ಕಾರಿಗೆ ಶೇ 14, ಮೇಲೆ ಸೆಸ್. ಹಳೆಯ ಗಾಡಿಗೆ ವಯಸ್ಸು ನೋಡಿ ಇಳಿಸುತ್ತಾರೆ. ಮೊದಲ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಮರುಪಾವತಿಗೆ ಅಲ್ಲಿಯೇ ಬೇರೆ ಅರ್ಜಿ, ಬೇರೆ ಓಡಾಟ. ಈ ಮೊತ್ತವನ್ನು ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ ಬರೆದುಕೊಂಡು, ಕಾರಿನ ಬೆಲೆಗೆ ಕೂಡಿಸಿ ಆಮೇಲೆ ಚೌಕಾಶಿಗೆ ಕೂರಿ. ಸಾಲವಿದ್ದ ಗಾಡಿಯಾದರೆ ಬ್ಯಾಂಕಿನ ಫಾರಂ 35, ಮೂಲ ಆರ್‌ಟಿಒದ ಎನ್‌ಒಸಿ, ಮಾರುವವನ ಸಹಿಯಿರುವ ಫಾರಂ 29 ಮತ್ತು 30 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.